ಆ ಒಂದು ಸೊನ್ನೆ ಆದ ಮೇಲೆ

ಇಂಟರ್ನ್‌ಶಿಪ್‌ನ ಎರಡನೇ ತಿಂಗಳು. ಬೆಳಗಿನ ಜಾವ ನಾಲ್ಕು ಗಂಟೆ. ಸಿಸ್ಟರ್ ಕೇಸ್ ಶೀಟ್ ತಂದು, "ಡಾಕ್ಟ್ರೇ, ಇದೊಂದ್ಸಲ ನೋಡಿ" ಅಂದರು. ನೋಡಿದೆ. ಎಲ್ಲ ಸರಿಯಾಗೇ ಇದೆ ಅನ್ನಿಸಿತು. ಅವರು ಸುಮ್ನೆ ಒಂದು ಸೊನ್ನೆಯ ಮೇಲೆ ಬೆರಳಿಟ್ಟರು. 8 ಯೂನಿಟ್ ಇನ್ಸುಲಿನ್ ಅಂತ ಬರೆಯುವ ಕಡೆ 80 ಬರೆದಿದ್ದೆ.

ಇನ್ಸುಲಿನ್ ಇನ್ನೂ ಕೊಟ್ಟಿರಲಿಲ್ಲ. ಆದರೂ ನನ್ನ ಕೈ ತಣ್ಣಗಾಯಿತು. ನಾನು ಎದ್ದು ಆಗಲೇ 21 ಗಂಟೆ ಕಳೆದಿತ್ತು. 17 ಗಂಟೆ ನಿದ್ದೆಗೆಟ್ಟವರ ಚುರುಕು, ರಕ್ತದಲ್ಲಿ 0.05% ಮದ್ಯ ಇದ್ದವರಷ್ಟೇ ಕುಂದುತ್ತದೆ ಅಂತ ಓದಿದ್ದೆ. ಅದು ನನಗೂ ಅನ್ವಯಿಸುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ.

ಅವತ್ತಿನಿಂದ ನಿದ್ದೆಯನ್ನೂ ಡ್ಯೂಟಿಯ ಭಾಗ ಅಂತಲೇ ಲೆಕ್ಕ ಹಾಕಿದೆ. ನೈಟ್ ಡ್ಯೂಟಿಗೆ ಹೋಗುವ ಮೊದಲು ಸಂಜೆ ಒಂದೂವರೆ ಗಂಟೆ ಮಲಗುತ್ತಿದ್ದೆ. ರಾತ್ರಿ ಒಂದರ ನಂತರ ಕಾಫಿ ಮುಟ್ಟುತ್ತಿರಲಿಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯಾದರೂ ಮೈಯಲ್ಲೇ ಉಳಿದಿರುತ್ತದೆ, ಬೆಳಿಗ್ಗೆ ನಿದ್ದೆ ಹತ್ತಲು ಬಿಡುವುದಿಲ್ಲ. ವಾರ್ಡ್ ತಣ್ಣಗಿದ್ದರೆ ಜೊತೆಯವನೂ ನಾನೂ ಸರದಿಯಲ್ಲಿ 20 ನಿಮಿಷ ಕಣ್ಣು ಮುಚ್ಚುತ್ತಿದ್ದೆವು. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದ ಮೇಲೆ ತಲೆಗೆ ಮಂಕು ಕವಿಯುತ್ತದೆ. ಒಬ್ಬ ಮಲಗಿದಾಗ ಇನ್ನೊಬ್ಬ ಫೋನ್ ಹಿಡಿದಿರಬೇಕು. ಇದೊಂದು ಒಪ್ಪಂದ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ ಅನ್ನೋದು ನನ್ನ ಅನುಭವ. ಡೋಸ್ ಬರೆದ ಮೇಲೆ ಗಟ್ಟಿಯಾಗಿ ಓದುವುದನ್ನೂ ರೂಢಿ ಮಾಡಿಕೊಂಡೆ.

ಊಟ, ನಡಿಗೆ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದನ್ನು ಬಿಡುತ್ತೇನೆ.

ನಿದ್ದೆಯಿಂದ ಸರಿಹೋಗದ ಸುಸ್ತೂ ಇರುತ್ತದೆ. ನಾನು ನೋಡಿಕೊಳ್ಳುತ್ತಿದ್ದ ರೋಗಿಯೊಬ್ಬರು ಮೊದಲ ಬಾರಿ ನನ್ನ ಕಣ್ಣೆದುರೇ ತೀರಿಕೊಂಡರು. ಸರ್ಟಿಫಿಕೇಟ್ ಬರೆದು, ಕೈ ತೊಳೆದು, ಪಕ್ಕದ ಬೆಡ್‌ಗೆ ಹೋದೆ. ಮುಂದೆ ಎರಡು ವಾರ ಆ ಬೆಡ್ ಹತ್ತಿರ ಹೋದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ನಾನೇ ನಿದ್ದೆ ಮಾತ್ರೆ ಬರೆದುಕೊಳ್ಳೋಣ ಅನ್ನುವಷ್ಟು ದೂರ ಹೋಗಿದ್ದೆ. ಬೇರೆಯವರು ಹೀಗೆ ಮಾಡಿದರೆ ನಾವೇ ಬೈಯುತ್ತೇವೆ, ಅಲ್ವಾ?

ಆಗ ನೆನಪಾದದ್ದು ವೈದ್ಯರ ಪ್ರತಿಜ್ಞೆ. 1948ರ ಜಿನೀವಾ ಘೋಷಣೆಗೆ 2017ರಲ್ಲಿ ಒಂದು ಸಾಲು ಸೇರಿಸಿದ್ದಾರೆ: ಒಳ್ಳೆಯ ಚಿಕಿತ್ಸೆ ಕೊಡಲು ವೈದ್ಯರು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕು ಅಂತ. ಮರುದಿನವೇ ಕೌನ್ಸೆಲರ್ ಹತ್ತಿರ ಹೋದೆ. ಮೊದಲ ಅರ್ಧ ಗಂಟೆ ಆ ಬೆಡ್ ನಂಬರ್ ಬಿಟ್ಟು ಬೇರೇನೂ ಹೇಳಲಾಗಲಿಲ್ಲ. ಅವರು ಅವಸರ ಮಾಡಲಿಲ್ಲ.