ಮನೆ ಕಟ್ಟಿಸ್ತಿದೀರಾ? ಸೋಲಾರ್‌ಗಿಂತ ಮುಂಚೆ ಪ್ಲಾನ್ ಹಾಳೆ ನೋಡಿ

ಪರಿಸರಕ್ಕೆ ಹೊರೆ ಆಗದ ಮನೆ ಅಂದ ತಕ್ಷಣ ನಮ್ಮ ಮೈಸೂರಲ್ಲಿ ಯಾರನ್ನ ಕೇಳಿದ್ರೂ ಸೋಲಾರ್ ಹಾಕ್ಸಿ ಅಂತಾರೆ. ಹಾಕ್ಸಿ, ಬೇಡ ಅನ್ನಲ್ಲ, ಆದ್ರೆ ಅದು ಕೊನೆ ಕೆಲಸ. ಗುದ್ದಲಿ ಪೂಜೆಗೆ ಮುಂಚೆ ಪ್ಲಾನಲ್ಲಿ ಏನು ತೀರ್ಮಾನ ಆಗತ್ತೋ ಅದರ ಮೇಲೇನೆ ಆ ಮನೆ ಮುಂದೆ ಎಷ್ಟು ಕರೆಂಟು ತಿನ್ನತ್ತೆ ಅನ್ನೋದು ನಿಂತಿರತ್ತೆ.

ಕರೆಂಟಿಗೂ ಮುಂಚೆ, ಕಟ್ಟೋದರಲ್ಲೇ ಎಷ್ಟು ಹೊಗೆ ಹೋಗತ್ತೆ ಅನ್ನೋ ಒಂದು ಲೆಕ್ಕ ಹೇಳ್ತೀನಿ. 50 ಕೆಜಿ ಸಿಮೆಂಟ್ ಮೂಟೆ ತಯಾರಾಗೋಷ್ಟರಲ್ಲಿ ಸುಮಾರು 40 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಣ್ಣದ ಕಲ್ಲು ಸುಟ್ಟಾಗ ಆ ಕಲ್ಲಿನೊಳಗಿಂದಾನೇ ಬರೋದು. 1000 ಚದರಡಿ ಮನೆಗೆ ಮೇಸ್ತ್ರಿಗಳು 400 ಮೂಟೆ ಹಿಡೀತಾರೆ, ಅಲ್ಲಿಗೆ 16 ಟನ್ ಆಯ್ತು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಮ್ಮಿ 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ಅಂದ್ರೆ ತಿಂಗಳಿಗೆ 100 ಯೂನಿಟ್ ಉರಿಸೋ ಮನೆ ಅದೇ 16 ಟನ್ ಮುಟ್ಟಕ್ಕೆ 19 ವರ್ಷ ಬೇಕು. ಇಷ್ಟೂ ಹೊಗೆ ಗೃಹಪ್ರವೇಶಕ್ಕೆ ಮುಂಚೇನೇ ಹೋಗಿಬಿಟ್ಟಿರತ್ತೆ.

ಅದಕ್ಕೆ ಮೊದಲು ಬೇಕಾದಷ್ಟೇ ಕಟ್ಟಿ. ಹಬ್ಬಕ್ಕೆ ನೆಂಟ್ರು ಬಂದ್ರೆ ಹಾಲಲ್ಲಿ ಚಾಪೆ ಹಾಸಿದ್ರಾಯ್ತು, ಅದಕ್ಕೋಸ್ಕರ ಇನ್ನೊಂದು ರೂಮು ಬೇಡ. ಸಿಮೆಂಟ್ ತರಿಸುವಾಗ ಹಾರುಬೂದಿ ಬೆರೆಸಿರೋ ಪಿಪಿಸಿ ಅಥವಾ ಕಬ್ಬಿಣದ ಕಾರ್ಖಾನೆಯ ಕಿಟ್ಟ ಬೆರೆಸಿರೋ ಸ್ಲ್ಯಾಗ್ ಸಿಮೆಂಟ್ ಕೇಳಿ, ಬೆರಕೆ ಇದ್ದಷ್ಟೂ ಸುಣ್ಣದ ಕಲ್ಲು ಸುಡೋದು ಕಮ್ಮಿ. ಇದು ಗಟ್ಟಿಯಾಗೋದು ಸ್ವಲ್ಪ ನಿಧಾನ, ಹಾಗಾಗಿ ನೀರು ಹೊಡೆಯೋದನ್ನ 14 ದಿನ ತಪ್ಪಿಸಬೇಡಿ.

ಗೋಡೆಗೆ ಸುಟ್ಟ ಇಟ್ಟಿಗೆ ಬದಲು ಮಷಿನ್ನಲ್ಲಿ ಒತ್ತಿದ ಮಣ್ಣಿನ ಬ್ಲಾಕು ಹಾಕಬಹುದು. ಬೆಂಗಳೂರಿನ ಐಐಎಸ್ಸಿಯಲ್ಲಿ ಹಳ್ಳಿಗೆ ಹೊಂದೋ ತಂತ್ರಜ್ಞಾನಕ್ಕೆ ಅಂತಲೇ ಇದ್ದ ಅಸ್ತ್ರ ಕೇಂದ್ರದವರು 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದಾರೆ, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸಾಕು, ಸುಡೋದೇ ಇಲ್ಲ, ಪಾಯ ತೆಗೆದ ಮಣ್ಣೇ ಎಷ್ಟೋ ಸಲ ಆಗತ್ತೆ. ಆಗತ್ತಾ ಇಲ್ವಾ ನೋಡಕ್ಕೆ ಮೇಲಿನ ಒಂದಡಿ ಮಣ್ಣು ಬಿಟ್ಟು ಕೆಳಗಿನ ಮಣ್ಣು ತಗೊಳಿ, ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ ನೀರು ಹಾಕಿ, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಗ್ಗೆ ನೋಡಿದ್ರೆ ತಳದಲ್ಲಿ ಮರಳು, ಅದರ ಮೇಲೆ ನುಣ್ಣನೆ ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ, ಪದರ ಪದರವಾಗಿ ಕೂತಿರತ್ತೆ. ಮೂರರಲ್ಲಿ ಎರಡು ಪಾಲು ಮರಳಿದ್ರೆ ಒಳ್ಳೇದು, ಜೇಡಿ ಜಾಸ್ತಿ ಇದ್ರೆ ಕ್ವಾರಿ ಡಸ್ಟ್, ಅಂದ್ರೆ ಕಲ್ಲುಕ್ವಾರಿಯ ಪುಡಿ, ಸೇರಿಸಬೇಕು. ಕಪ್ಪು ಎರೆಮಣ್ಣಾದ್ರೆ ಆಸೆ ಬಿಡಿ, ನೀರು ಕುಡಿದು ಉಬ್ಬತ್ತೆ, ಒಣಗಿ ಬಿರುಕು ಬಿಡತ್ತೆ. ಮೋಲ್ಡಿಗೆ ಫಿಲ್ಲರ್ ಸ್ಲ್ಯಾಬ್ ಮಾಡಿಸಿದ್ರೆ ಕಂಬಿಗಳ ನಡುವೆ ಮಂಗಳೂರು ಹಂಚು ಕೂರಿಸಿ ಅಷ್ಟು ಕಾಂಕ್ರೀಟ್ ಉಳಿಸಬಹುದು, ಆದ್ರೆ ಇದನ್ನ ಇಂಜಿನಿಯರ್ ಡ್ರಾಯಿಂಗ್ ಇಲ್ಲದೆ ಮಾಡಿಸಬೇಡಿ.

ಈಗ ಬಿಸಿಲಿನ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಮೈಸೂರು, ಮಂಡ್ಯ ಎರಡೂ 12 ಡಿಗ್ರಿ ಅಕ್ಷಾಂಶದ ಆಸುಪಾಸಲ್ಲಿವೆ, ಬೇಸಿಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿ ಮೇಲಿರ್ತಾನೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲಿದ್ರೂ ಎತ್ತರದಲ್ಲೇ ಇರ್ತಾನೆ, ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಇದ್ರೆ ನೆರಳು ಸಾಕಷ್ಟು ಸಿಗತ್ತೆ. ತೊಂದರೆ ಇರೋದು ಪಶ್ಚಿಮದಲ್ಲಿ. ಮೂರು ಗಂಟೆ ಮೇಲೆ ಬಿಸಿಲು ಓರೆಯಾಗಿ ಬರತ್ತೆ, ಸಜ್ಜಾ ಎಷ್ಟು ಉದ್ದ ಇದ್ರೂ ತಡೆಯಲ್ಲ. ವಾಸ್ತು ಪ್ರಕಾರ ಯಜಮಾನರ ರೂಮು ನೈಋತ್ಯಕ್ಕೆ ಬರತ್ತಲ್ಲ, ಸಂಜೆ ತನಕ ಬಿಸಿಲು ಕುಡಿಯೋದು ಅದೇ ರೂಮಿನ ಗೋಡೆ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೆ ಆ ಗೋಡೆಗೆ ಒಳಗಡೆಯಿಂದ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರತ್ತೆ, ಆಮೇಲೆ ನಿದ್ದೆ ಬರಲ್ಲ ಅಂತ ಎಸಿ ತರ್ತಾರೆ. ವಾಸ್ತು ಬಿಡಿ ಅಂತ ನಾನು ಹೇಳಲ್ಲ, ರೂಮು ಅಲ್ಲೇ ಇರ್ಲಿ, ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಬರೋ ಹಾಗೆ ಮಾಡಿ, ಇಲ್ಲಾಂದ್ರೆ ಮಧ್ಯೆ ಗಾಳಿ ಜಾಗ ಉಳಿಯೋ ಹಾಗೆ ಇಟ್ಟಿಗೆ ಕಟ್ಟಿಸಿ, ರ್‍ಯಾಟ್ ಟ್ರ್ಯಾಪ್ ಅಂತಾರೆ, ಇಟ್ಟಿಗೇನೂ ಕಮ್ಮಿ ಬೇಕು. ಹೊರಗೆ ಜಾಗ ಇದ್ರೆ ಒಂದು ಹೊಂಗೆ ಗಿಡ ನೆಡಿ. ಹಳೇ ತೊಟ್ಟಿಮನೆಗಳಲ್ಲಿ ಬಿಸಿಗಾಳಿ ಮೇಲೆ ಹೋಗಕ್ಕೆ ದಾರಿ ಇತ್ತು, ನಾವು ಕನಿಷ್ಠ ಮೆಟ್ಟಿಲ ಮೇಲಿನ ಹೆಡ್‌ರೂಮಲ್ಲಿ ತೆಗೆದು ಮುಚ್ಚೋ ಕಿಟಕಿ ಇಟ್ರೆ ಅದೇ ಕೆಲಸ ಆಗತ್ತೆ.

ಇಷ್ಟಾದ ಮೇಲೆ ಸಾಮಾನು. ಮಾಮೂಲಿ ಫ್ಯಾನು 75 ವ್ಯಾಟ್ ತಿಂದ್ರೆ ಕಮ್ಮಿ ಕರೆಂಟಿನ ಮೋಟರ್ ಇರೋ ಬಿಎಲ್‌ಡಿಸಿ ಫ್ಯಾನು 30ರ ಹತ್ರ. ಸ್ನಾನದ ನೀರಿಗೆ ಸೋಲಾರ್ ಹೀಟರ್ ಮೊದಲು, ಪ್ಯಾನೆಲ್ ಆಮೇಲೆ, ಯಾಕಂದ್ರೆ 100 ಲೀಟರ್ ನೀರನ್ನ 30 ಡಿಗ್ರಿ ಏರಿಸಕ್ಕೇ ಗೀಸರಿಗೆ ಮೂರೂವರೆ ಯೂನಿಟ್ ಬೇಕು. ಟ್ಯಾಂಕು ಬಚ್ಚಲಿಗೆ ಹತ್ರ ಇರ್ಲಿ, ಪೈಪು ಉದ್ದ ಆದಷ್ಟೂ ಬಿಸಿನೀರು ಬರೋ ತನಕ ತಣ್ಣೀರು ಚೆಲ್ತಾ ಕೂರಬೇಕು.

ಪ್ಯಾನೆಲ್ ವಿಷಯಕ್ಕೆ ಬಂದ್ರೆ ಒಂದು ಕಿಲೋವ್ಯಾಟಿಗೆ 100 ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರತ್ತೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೇಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಮೇಲೆ 78,000 ರೂಪಾಯಿ ಸಬ್ಸಿಡಿ ಇಟ್ಟಿದಾರೆ. ಗೃಹಜ್ಯೋತಿಯಲ್ಲಿ ಝೀರೋ ಬಿಲ್ ಬರ್ತಿದೆ, ನಮಗ್ಯಾಕೆ ಇದೆಲ್ಲ ಅಂತ ಕೇಳೋರಿಗೆ ಒಂದೇ ಮಾತು, ದುಡ್ಡು ಸೊನ್ನೆ ಆಗಿರಬಹುದು, ಕಲ್ಲಿದ್ದಲು ಉರಿಯೋದು ನಿಂತಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಲ್ಲೇ ಕರೆಂಟ್ ಮಾಡಿದ ಸೀಮೆ ನಮ್ದು, ಇವತ್ತು ನಮ್ಮನೆ ತಂತಿಯಲ್ಲಿ ರಾಯಚೂರಿನ ಕಲ್ಲಿದ್ದಲು ಕರೆಂಟೂ ಬೆರೆತಿದೆ.

ನೀರಿಗೂ ಕರೆಂಟಿಗೂ ನಂಟಿದೆ. ಬೆಳಗೊಳ, ಹೊಂಗಳ್ಳಿಯಿಂದ ಮೈಸೂರಿಗೆ ನೀರು ಪಂಪ್ ಮಾಡಿಯೇ ತರಬೇಕು. ವರ್ಷಕ್ಕೆ ಹೆಚ್ಚುಕಮ್ಮಿ 80 ಸೆಂಟಿಮೀಟರ್ ಮಳೆ ಅಂತಿಟ್ಕೊಂಡ್ರೆ 1000 ಚದರಡಿ ತಾರಸಿ ಮೇಲೆ ಬೀಳೋದು 70,000 ಲೀಟರಿಗೂ ಮೇಲೆ. ತಾರಸಿಯಿಂದ ಇಳಿಯೋ ಪೈಪಿನ ಬುಡದಲ್ಲಿ ಮುಚ್ಚಳ ಇರೋ ತುಂಡು ಬಿಡಿ, ಮೊದಲ ಮಳೆಯ ಧೂಳು ನೀರು ಅದರಲ್ಲಿ ಹೊರಗೆ ಹೋಗ್ಲಿ, ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ ದಾಟಿ ಸಂಪಿಗೆ ಬರ್ಲಿ.

ಹಸಿಕಸ ಹೊರಗೆ ಕಳಿಸಬೇಡಿ. ಮೈಸೂರಿನ ಕಸ ಸುರಿಯೋ ಸೂಯೆಜ್ ಫಾರ್ಮ್ ಥರ ರಾಶಿಯ ಅಡಿಯಲ್ಲಿ ಗಾಳಿ ಇಲ್ಲದೆ ಕೊಳೆತ್ರೆ ಮೀಥೇನ್ ಬರತ್ತೆ, ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಭೂಮಿ ಬಿಸಿ ಮಾಡತ್ತೆ. ತೂತಿರೋ ಮಡಕೆಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದ ಎಲೆ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ, ವಾಸನೆ ಬಂದ್ರೆ ನೀರು ಜಾಸ್ತಿ ಆಗಿದೆ ಅಂತ, ಇನ್ನಷ್ಟು ಎಲೆ ಹಾಕಿ. ಮಂಡ್ಯ ಕಡೆ ಹಳ್ಳಿಯಲ್ಲಿ ನಾಲ್ಕೈದು ದನ ಇದ್ರೆ ಗೋಬರ್ ಗ್ಯಾಸೇ ಸರಿ, ದಿನಕ್ಕೆ 50 ಕೆಜಿ ಸಗಣಿ ಸಿಕ್ಕಿದ್ರೆ 2 ಘನಮೀಟರ್ ಪ್ಲಾಂಟ್ ಒಂದು ಸಂಸಾರದ ಅಡುಗೆಗೆ ಆಗತ್ತೆ, ಬಗ್ಗಡ ಕಬ್ಬಿನ ಗದ್ದೆಗೆ.

ಮನೆ ಆಗ್ಲೇ ಕಟ್ಟಿಸಿ ಆಗಿದ್ರೆ, ಬಾಡಿಗೆ ಮನೆ ಆದ್ರೂ ಓನರ್ ಒಪ್ಪಿದ್ರೆ, ಫೆಬ್ರವರಿ ಕೊನೆಗೆ ತಾರಸಿ ಗುಡಿಸಿ ತೊಳೆದು ಒಣಗಿಸಿ, ಸುಣ್ಣಕ್ಕೆ ಫೆವಿಕಾಲ್ ಕಲಸಿ ಎರಡು ಕೋಟ್ ಹೊಡೀರಿ, ಎರಡನೇದನ್ನ ಮೊದಲನೇದು ಪೂರ್ತಿ ಒಣಗಿದ ಮೇಲೆ. ಮಳೆನೀರು ಹಿಡಿಯೋರು ಸುಣ್ಣ ಹೊಡೆದ ವರ್ಷ ಮೊದಲ ಒಂದೆರಡು ಮಳೆ ನೀರನ್ನ ಸಂಪಿಗೆ ಬಿಡದೆ ಗಿಡದ ಕಡೆ ತಿರುಗಿಸಿ.