ರನ್‌ವೇ ಸಂಕೇತದಲ್ಲಿ ಟೈರ್ ಒತ್ತಡದ ಅಕ್ಷರವನ್ನು ಪರಿಷ್ಕರಿಸುವುದು ಹೇಗೆ

ವಿಮಾನ ನಿಲ್ದಾಣದ ಸಿವಿಲ್ ವಿಭಾಗಕ್ಕೆ ಹೊಸದಾಗಿ ಸೇರಿದವರ ಮೇಜಿಗೆ ಇಂದಲ್ಲ ನಾಳೆ ಒಂದು ಕಡತ ಬಂದೇ ಬರುತ್ತದೆ: ರನ್‌ವೇಯ ಬಲದ ಸಂಕೇತವನ್ನು ಪರಿಷ್ಕರಿಸಿ ಕಳುಹಿಸಿ. ಎಲ್ಲರೂ ಸಂಖ್ಯೆಯ ಬೆನ್ನು ಹತ್ತುತ್ತಾರೆ. ಟೈರ್ ಒತ್ತಡದ ಅಕ್ಷರವನ್ನು ಮಾತ್ರ ಹಳೆಯ ಕಡತದಿಂದ ನಕಲು ಮಾಡಿ ಕೈತೊಳೆದುಕೊಳ್ಳುತ್ತಾರೆ. ನನ್ನ ವೃತ್ತಿಜೀವನದ ಅರ್ಧ ಜಗಳಗಳು ಈ ಒಂದು ಅಕ್ಷರದ ಸುತ್ತಲೇ ನಡೆದಿವೆ. ಹಾಗಾಗಿ ನಾನು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡುತ್ತೇನೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಸಂಕೇತವನ್ನು ಓದಿ. ‘ಪಿಸಿಎನ್ 50/ಎಫ್/ಬಿ/ಎಕ್ಸ್/ಟಿ’ ಎಂದಿದ್ದರೆ ಪಿಸಿಎನ್ ಎಂಬುದು ಹಾಸಿನ ಬಲ ತಿಳಿಸಲು 2024ರ ನವೆಂಬರ್‌ವರೆಗೆ ಇದ್ದ ಪದ್ಧತಿಯ ಹೆಸರು, 50 ಎಂಬುದು ಹಾಸಿನ ಬಲ, ಎಫ್ ಎಂದರೆ ಡಾಂಬರಿನ ಹಾಸು (ಕಾಂಕ್ರೀಟಾದರೆ ಆರ್), ಬಿ ಎಂದರೆ ಮಧ್ಯಮ ಬಲದ ತಳಮಣ್ಣು, ಎಕ್ಸ್ ಎಂದರೆ ಟೈರ್ ಒತ್ತಡದ ಮಿತಿ, ಟಿ ಎಂದರೆ ತಾಂತ್ರಿಕ ಪರೀಕ್ಷೆಯಿಂದ ಕಂಡುಕೊಂಡದ್ದು. ಕೊನೆಯಲ್ಲಿ ಯು ಇದ್ದರೆ, ‘ಇಂತಿಂಥ ವಿಮಾನಗಳು ಬಂದುಹೋಗಿವೆ, ಏನೂ ಆಗಿಲ್ಲ’ ಎಂಬ ಅನುಭವವಷ್ಟೇ ಅದಕ್ಕೆ ಆಧಾರ. ಈ ಸಾಲು ವೈಮಾನಿಕ ಮಾಹಿತಿ ಪ್ರಕಟಣೆಯಲ್ಲಿ ನಿಮ್ಮ ನಿಲ್ದಾಣದ 2.12ನೇ ವಿಭಾಗದಲ್ಲಿ ಸಿಗುತ್ತದೆ. ಏಪ್ರನ್ (ವಿಮಾನಗಳನ್ನು ನಿಲ್ಲಿಸುವ ಅಂಗಳ) ಮತ್ತು ಟ್ಯಾಕ್ಸಿವೇಗಳ (ಅಲ್ಲಿಂದ ರನ್‌ವೇಗೆ ಹೋಗುವ ದಾರಿ) ಬಲ 2.8ರಲ್ಲಿದೆ. ಎರಡನ್ನೂ ತೆರೆದಿಟ್ಟುಕೊಳ್ಳಿ. 2.8 ಏಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ಮುಂದಿನ ಪ್ರಶ್ನೆ: ಈ ಅಕ್ಷರ ಯಾವ ವರ್ಷದ್ದು? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) 1981ರಲ್ಲಿ ಈ ಪದ್ಧತಿಯನ್ನು ಒಪ್ಪಿಕೊಂಡಾಗ ಡಬ್ಲ್ಯೂ ಎಂದರೆ ಮಿತಿಯಿಲ್ಲ, ಎಕ್ಸ್ ಎಂದರೆ 1.50 ಮೆಗಾಪಾಸ್ಕಲ್‌ವರೆಗೆ, ವೈ 1.00ರವರೆಗೆ, ಝಡ್ 0.50ರವರೆಗೆ ಎಂದಿತ್ತು. 2013ರಲ್ಲಿ ಎಕ್ಸ್‌ನ ಮಿತಿ 1.75ಕ್ಕೂ ವೈ ಮಿತಿ 1.25ಕ್ಕೂ ಏರಿತು. ಡಬ್ಲ್ಯೂ, ಝಡ್ ಇದ್ದಲ್ಲೇ ಉಳಿದವು. ಅಂದರೆ 2010ರ ಕಡತದ ಎಕ್ಸ್‌ಗೂ 2015ರ ಕಡತದ ಎಕ್ಸ್‌ಗೂ 0.25 ಮೆಗಾಪಾಸ್ಕಲ್ ಅಂತರವಿದೆ. ನಿಮ್ಮ ಕಾರಿನ ಟೈರಿಗೆ ಪೆಟ್ರೋಲ್ ಬಂಕಿನಲ್ಲಿ ತುಂಬಿಸುವ ಗಾಳಿಯ ಒತ್ತಡ ಸುಮಾರು 0.22. ಅದಕ್ಕಿಂತಲೂ ದೊಡ್ಡ ವ್ಯತ್ಯಾಸ ಒಂದೇ ಅಕ್ಷರದೊಳಗೆ ಅಡಗಿ ಕುಳಿತಿದೆ.

ಮಿತಿ ಏರಿಸಿದ್ದೇಕೆ ಎಂಬುದು ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ವಿಮಾನ ತಯಾರಕರು ಹೆಚ್ಚು ಭಾರವನ್ನು ಕಡಿಮೆ ಚಕ್ರಗಳ ಮೇಲೆ ಹೊರಿಸುತ್ತಾ ಬಂದರು. ಬೋಯಿಂಗ್ 787-8ರ ಟೈರ್ ಒತ್ತಡ ಸುಮಾರು 1.57 ಮೆಗಾಪಾಸ್ಕಲ್, ಏರ್‌ಬಸ್ ಎ350-900ರದ್ದು ಸುಮಾರು 1.66. ಹಳೆಯ ಎಕ್ಸ್ ಇದ್ದ ನಿಲ್ದಾಣದಲ್ಲಿ ಹಾಸಿನ ಬಲ ಎಷ್ಟೇ ಇರಲಿ, ಈ ಅಕ್ಷರವೊಂದೇ ಅಡ್ಡಗಾಲು ಹಾಕುತ್ತಿತ್ತು. ಫ್ರಾನ್ಸಿನ ಟುಲೂಸ್‌ನಲ್ಲಿ ಏರ್‌ಬಸ್ ಕಡೆಯವರು, ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿಯ ಸಂಶೋಧನಾ ಕೇಂದ್ರದಲ್ಲಿ ಅಲ್ಲಿನ ವಿಮಾನಯಾನ ಆಡಳಿತದವರು ನಿಜಗಾತ್ರದ ಡಾಂಬರು ಹಾಸಿನ ಮೇಲೆ ಅಧಿಕ ಒತ್ತಡದ ಚಕ್ರಗಳನ್ನು ಓಡಿಸಿ ನೋಡಿದರು. ಒಳ್ಳೆಯ ಮಿಶ್ರಣದಿಂದ ಮಾಡಿದ ಹಾಸಿನಲ್ಲಿ ಒತ್ತಡ ಏರಿಸಿದ್ದರಿಂದ ಆದ ಹೆಚ್ಚುವರಿ ಹಾನಿ ಅಲ್ಪ. ಚಕ್ರದ ಭಾರ, ಶಾಖ ಮತ್ತು ಮಿಶ್ರಣದ ಗುಣಮಟ್ಟಗಳೇ ದೊಡ್ಡ ಕಾರಣಗಳು. ಈ ಮಾತಿನಲ್ಲಿ ‘ಒಳ್ಳೆಯ ಮಿಶ್ರಣ’ ಎಂಬ ಷರತ್ತಿದೆ. ಅದನ್ನು ನುಂಗಿಹಾಕಿ ‘ಐಸಿಎಒ ಏರಿಸಿದೆ, ನಾವೂ ಏರಿಸೋಣ’ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಒತ್ತಡ ಹಾಸಿಗೆ ಏನು ಮಾಡುತ್ತದೆ ಎಂಬುದನ್ನು ಒಂದು ಸಲ ಕೈಯಾರೆ ಲೆಕ್ಕ ಮಾಡಿ. 79 ಟನ್ ತೂಕದ 737-800 ವಿಮಾನಕ್ಕೆ ನಾಲ್ಕು ಮುಖ್ಯ ಚಕ್ರಗಳು. ಒಂದೊಂದರ ಮೇಲೆ ಸುಮಾರು 18.5 ಟನ್. ಒತ್ತಡ 1.41 ಮೆಗಾಪಾಸ್ಕಲ್ ಎಂದುಕೊಂಡರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 1,290 ಚದರ ಸೆಂಟಿಮೀಟರ್. ಚೌಕವೆಂದು ಭಾವಿಸಿದರೆ ಒಂದು ಬದಿ 36 ಸೆಂಟಿಮೀಟರ್. ಅದೇ ಭಾರವನ್ನು 1.75ರ ಒತ್ತಡದಲ್ಲಿ ಹೊರಿಸಿದರೆ ಬದಿ 32ಕ್ಕೆ ಇಳಿಯುತ್ತದೆ. ಒಂದು ಮೀಟರ್ ಆಳದ ಮಣ್ಣಿಗೆ 36 ಆದರೇನು, 32 ಆದರೇನು? ಅದಕ್ಕೆ ಗೊತ್ತಾಗುವುದು ಒಟ್ಟು ಭಾರ ಮಾತ್ರ. ಆದರೆ ಮೇಲಿನ ಹತ್ತು-ಹದಿನೈದು ಸೆಂಟಿಮೀಟರ್ ಡಾಂಬರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಆದ್ದರಿಂದ ಭಾರ ಬೀಳಿಸಿ ಬಾಗುವಿಕೆ ಅಳೆಯುವ ಯಂತ್ರದ ವರದಿಯನ್ನು ಹಿಡಿದುಕೊಂಡು ಈ ಅಕ್ಷರವನ್ನು ನಿರ್ಧರಿಸಬೇಡಿ. ಆ ಯಂತ್ರ ಸಂಖ್ಯೆಗೆ ಆಧಾರ. ಅಕ್ಷರ ಹುಟ್ಟುವುದು ಮೇಲ್ಪದರದಿಂದ.

ಈಗ ಬರುವ ವಿಮಾನಗಳ ಪಟ್ಟಿ ಮಾಡಿ. ಒತ್ತಡದ ಅಂಕಿಯನ್ನು ತಯಾರಕರ ನಿಲ್ದಾಣ ಯೋಜನಾ ಕೈಪಿಡಿಯಿಂದಲೇ, ಗರಿಷ್ಠ ತೂಕದ ಸಾಲಿನಿಂದಲೇ ತೆಗೆದುಕೊಳ್ಳಿ. ಒಂದೇ ಮಾದರಿಯಲ್ಲೂ ತೂಕ ಬದಲಾದಂತೆ ಒತ್ತಡ ಬದಲಾಗುತ್ತದೆ. ವಿಮಾನದ ಗಾತ್ರ ನೋಡಿ ಊಹಿಸಲು ಹೋಗಬೇಡಿ. ಬೆಂಗಳೂರಿಗೆ 2022ರಲ್ಲಿ ಎ380 ಬಂದಾಗ ಎಲ್ಲರ ಬಾಯಲ್ಲೂ ಅದರದೇ ಸುದ್ದಿ. ಆದರೆ 20 ಮುಖ್ಯ ಚಕ್ರಗಳಿರುವ ಆ ದೈತ್ಯನ ಟೈರ್ ಒತ್ತಡ ಸುಮಾರು 1.50, ಅಂದರೆ 787ಕ್ಕಿಂತ ಕಡಿಮೆ. ಎಟಿಆರ್ 72 ಮಾತ್ರ ಬರುವ ಚಿಕ್ಕ ನಿಲ್ದಾಣದಲ್ಲಿ ಒತ್ತಡ 0.8ರ ಆಸುಪಾಸು. ಅಂಥ ಕಡೆ ವೈ ಸಾಕು. ಆದರೆ ನಾಳೆ ಎ320 ಬರಲಿದೆ ಎಂದಾದರೆ ಒತ್ತಡ 1.4ರ ಹತ್ತಿರ ಹೋಗುತ್ತದೆ, ಹೊಸ ವೈ ಕೂಡ ಸಾಲುವುದಿಲ್ಲ.

ಇನ್ನು ಹಾಸಿನ ತಪಾಸಣೆ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

ಕಾಂಕ್ರೀಟಾದರೆ ತಲೆನೋವಿಲ್ಲ. ಸುಸ್ಥಿತಿಯಲ್ಲಿದ್ದರೆ ಸಾಮಾನ್ಯವಾಗಿ ಡಬ್ಲ್ಯೂ. ಡಾಂಬರಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂವರೆಗೆ ಅನುಮತಿ ಪಡೆದು ಹಾಸಿನ ಮೇಲೆ ನಡೆಯಿರಿ. ಬೆಳಗಿನ ತಂಪಿನಲ್ಲಿ ಡಾಂಬರು ಗಟ್ಟಿಗನಂತೆ ನಟಿಸುತ್ತದೆ. ಕಲಬುರಗಿಯ ಕಡೆಯ ಬೇಸಗೆಯಲ್ಲಿ ಮಧ್ಯಾಹ್ನ ಅದರ ಬಣ್ಣ ಬಯಲಾಗುತ್ತದೆ. ರನ್‌ವೇಯ ನಡುಭಾಗದಲ್ಲಿ ವಿಮಾನ ವೇಗವಾಗಿ ಸಾಗಿಹೋಗುತ್ತದೆ, ರೆಕ್ಕೆಗಳೂ ಭಾರ ಹೊತ್ತಿರುತ್ತವೆ. ಆದ್ದರಿಂದ ಅಲ್ಲಿ ಸಮಯ ಕಳೆಯಬೇಡಿ. ವಿಮಾನಗಳು ಸರದಿಗಾಗಿ ಕಾಯುವ ತಾಣ, ಏಪ್ರನ್‌ನಲ್ಲಿ ಚಕ್ರ ನಿಲ್ಲುವ ಜಾಗ, ರನ್‌ವೇ ತುದಿಯಲ್ಲಿ ವಿಮಾನ ಪೂರ್ತಿ ಹಿಂದಿರುಗುವ ಜಾಗ: ಈ ಮೂರನ್ನು ಮೊಣಕಾಲೂರಿ ನೋಡಿ. 2.8ನೇ ವಿಭಾಗವನ್ನು ತೆರೆದಿಡಿ ಎಂದದ್ದು ಇದಕ್ಕೇ. ಸಮಾನಾಂತರ ಟ್ಯಾಕ್ಸಿವೇ ಇಲ್ಲದ ಚಿಕ್ಕ ನಿಲ್ದಾಣಗಳಲ್ಲಿ ಪ್ರತಿ ವಿಮಾನವೂ ತುದಿಯಲ್ಲಿ ತಿರುಗಲೇಬೇಕು. ಆಗ ಒಳಬದಿಯ ಚಕ್ರ ಉರುಳುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ.

ಮೂರು ಮೀಟರ್ ಉದ್ದದ ನೇರಪಟ್ಟಿಯನ್ನು ಚಕ್ರದ ಜಾಡಿಗೆ ಅಡ್ಡಲಾಗಿಟ್ಟು ಅಡಿಯ ಸಂದನ್ನು ಅಳೆಯಿರಿ. ಹೊಸ ಹಾಸಿನಲ್ಲಿ 3 ಮಿಲಿಮೀಟರ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಜಾಡು ತಗ್ಗಾಗಿ ಅಕ್ಕಪಕ್ಕದಲ್ಲಿ ಡಾಂಬರು ಉಬ್ಬಿ ಎದ್ದಿದ್ದರೆ ಮೇಲ್ಪದರವೇ ಜಾರುತ್ತಿದೆ, ಒತ್ತಡವನ್ನು ಅದು ತಾಳುತ್ತಿಲ್ಲ. ಉಬ್ಬಿಲ್ಲದೆ ಅಗಲವಾಗಿ ಕುಸಿದಿದ್ದರೆ ದೋಷ ಕೆಳಗಿದೆ. ಅದು ಸಂಖ್ಯೆಯ ಸಮಸ್ಯೆ. ಅರ್ಧಚಂದ್ರಾಕಾರದ ಬಿರುಕು ಕಂಡರೆ ಪದರಗಳ ನಡುವಿನ ಅಂಟು ಬಿಟ್ಟಿದೆ. ಕೊರೆದು ತೆಗೆದ ಮಾದರಿ ಎರಡು ತುಂಡಾಗಿ ಕೈಗೆ ಬಂದರೆ ಆ ಅನುಮಾನ ಖಚಿತ. ಜೊತೆಗೆ ಮಿಶ್ರಣದ ದಾಖಲೆಗಳನ್ನು ತರಿಸಿ: ಡಾಂಬರಿನ ದರ್ಜೆ, ಗಾಳಿಯ ಅಂಶ, ಮಿಶ್ರಣದ ಗಟ್ಟಿತನ ಅಳೆಯುವ ಮಾರ್ಷಲ್ ಪರೀಕ್ಷೆಯ ಫಲ. ‘ದಾಖಲೆ ಸಿಗುತ್ತಿಲ್ಲ’ ಎಂದರೆ ಮಾದರಿ ಕೊರೆಸಿ. ಸಿಗದ ದಾಖಲೆಯ ಆಧಾರದ ಮೇಲೆ ಅಕ್ಷರ ಏರಿಸಲು ನಾನು ಸಹಿ ಹಾಕುವುದಿಲ್ಲ.

ಮೇಲ್ಮೈ ಬದಲಾದಾಗ ಅಕ್ಷರವನ್ನು ಹೊಸದಾಗಿ ಪರಿಶೀಲಿಸಲೇಬೇಕು. ಮಂಗಳೂರಿನ ಕಾಂಕ್ರೀಟ್ ರನ್‌ವೇಗೆ 2023ರಲ್ಲಿ ಡಾಂಬರಿನ ಹೊದಿಕೆ ಬಂತು. ಇಂಥ ಕಡೆ ಅಡಿಯ ಕಾಂಕ್ರೀಟು ಎಷ್ಟೇ ಗಟ್ಟಿಯಿದ್ದರೂ ಟೈರು ಮುಟ್ಟುವುದು ಮೇಲಿನ ಡಾಂಬರನ್ನೇ.

ಮೇಲ್ಪದರದ ಸಾಮರ್ಥ್ಯ ಯಾವ ಅಕ್ಷರದ ಅಂಚಿಗೂ ಸರಿಯಾಗಿ ಹೊಂದದಿದ್ದರೆ ಅಕ್ಷರವನ್ನು ಬಿಟ್ಟು ಒತ್ತಡದ ಅಂಕಿಯನ್ನೇ ಬರೆಯಲು ಅವಕಾಶವಿದೆ. ‘ಪಿಸಿಎನ್ 40/ಎಫ್/ಬಿ/0.80 ಮೆಗಾಪಾಸ್ಕಲ್/ಟಿ’ ಎಂಬ ಉದಾಹರಣೆಯನ್ನು ಐಸಿಎಒ ವಿಮಾನ ನಿಲ್ದಾಣಗಳ ಕುರಿತ ತನ್ನ 14ನೇ ಅನುಬಂಧದಲ್ಲೇ ಕೊಟ್ಟಿತ್ತು. ಇದನ್ನು ಬಳಸುವವರು ಕಡಿಮೆ. ನನಗಂತೂ ಇದು ಅಚ್ಚುಮೆಚ್ಚು.

2024ರ ನವೆಂಬರ್ 28ರಿಂದ ಪಿಸಿಎನ್ ಹೋಗಿ, ಹಾಸಿನ ಬಲ ತಿಳಿಸುವ ಹೊಸ ಪದ್ಧತಿಯಾಗಿ ಪಿಸಿಆರ್ ಬಂದಿದೆ. ಒತ್ತಡದ ನಾಲ್ಕು ಅಕ್ಷರಗಳೂ ಅವುಗಳ 2013ರ ಮಿತಿಗಳೂ ಹಾಗೆಯೇ ಇವೆ. ಬದಲಾದದ್ದು ಲೆಕ್ಕದ ಒಳಗಿನ ಒತ್ತಡ: ವಿಮಾನದ ಭಾರವನ್ನು ಒಂಟಿ ಚಕ್ರಕ್ಕೆ ಪರಿವರ್ತಿಸುವಾಗ ಮೊದಲು 1.25 ಮೆಗಾಪಾಸ್ಕಲ್ ಹಿಡಿಯುತ್ತಿದ್ದರು, ಈಗ 1.50. ಹೊಸ ಸಂಖ್ಯೆ ಹಳೆಯದರ ಹತ್ತು ಪಟ್ಟಿನಂತೆ ಕಾಣುತ್ತದೆ. ಹಾಗೆಂದು ಪಿಸಿಎನ್‌ಗೆ ಒಂದು ಸೊನ್ನೆ ಸೇರಿಸಿ ಕಳುಹಿಸಬೇಡಿ. ಲೆಕ್ಕದ ವಿಧಾನವೂ ತಳಮಣ್ಣಿನ ವರ್ಗೀಕರಣವೂ ಬೇರೆಯಾಗಿವೆ. ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಹೇಗೂ ಮಾಡುತ್ತೀರಲ್ಲ, ಒತ್ತಡದ ಅಕ್ಷರವನ್ನೂ ಅದೇ ಸಲ ಪರಿಶೀಲಿಸಿ ಮುಗಿಸಿ.

ಪ್ರಕಟಣೆ 28 ದಿನಗಳ ಆವರ್ತದಲ್ಲಿ ನಡೆಯುತ್ತದೆ. ಅಕ್ಷರವನ್ನು ಏರಿಸುವುದಾದರೆ ಆ ಸರದಿಗಾಗಿ ಕಾಯಿರಿ, ನಷ್ಟವೇನಿಲ್ಲ. ಇಳಿಸಬೇಕಾಗಿ ಬಂದರೆ ಕಾಯಬೇಡಿ. ಅಂದೇ ನೋಟಮ್ (ಪೈಲಟ್‌ಗಳಿಗೆ ಕಳುಹಿಸುವ ತುರ್ತು ಸೂಚನೆ) ಹೊರಡಿಸಿ. ವಿಮಾನ ಸಂಸ್ಥೆಗಳ ಕಾರ್ಯಾಚರಣೆ ವಿಭಾಗಗಳಿಗೆ ಫೋನ್ ಮಾಡಿಯೂ ತಿಳಿಸಿ. ಪ್ರಕಟವಾದ ಪುಟವನ್ನು ನಿಮ್ಮ ಸಹಿಯಿರುವ ಪ್ರತಿಯ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರವನ್ನು ಹೋಲಿಸಿ, ಆಮೇಲೆ ಕಡತ ಮುಚ್ಚಿ.