ಅಗೆದ ರಸ್ತೆಯಿಂದ ಪಾಲಿಕೆ ಠರಾವಿನವರೆಗೆ: ವಾರ್ಡ್ ಸದಸ್ಯರು ಮಾಡಬೇಕಾದ ಕರಡು ಕೆಲಸ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ 82 ವಾರ್ಡುಗಳಲ್ಲಿ ಎಲ್ಲಿ ಕೇಳಿದರೂ ಮಳೆಗಾಲದ ದೂರು ಒಂದೇ. ಪೈಪಿಗೋ ಕೇಬಲ್ಲಿಗೋ ರಸ್ತೆ ಅಗೆದರು, ಮೇಲೆ ಮಣ್ಣೆಳೆದು ಹೋದರು, ಈಗ ಬೈಕಿನವರು ಬೀಳುತ್ತಿದ್ದಾರೆ. ಸದಸ್ಯರು ವಲಯ ಕಚೇರಿಗೆ ಫೋನ್ ಮಾಡಿದರೆ ಆ ಗುಂಡಿ ಮುಚ್ಚುತ್ತದೆ. ವಾರ ಕಳೆಯುವುದರೊಳಗೆ ಪಕ್ಕದ ಓಣಿಯಲ್ಲಿ ಇನ್ನೊಂದು ಬಾಯಿ ತೆರೆದಿರುತ್ತದೆ. ಅಗೆಯಲು ಕೊಡುವ ಅನುಮತಿಯ ಷರತ್ತೇ ಬದಲಾಗಬೇಕಾದರೆ ಸಾಮಾನ್ಯ ಸಭೆಯ ಠರಾವು, ಅಂದರೆ ನಿರ್ಣಯ ಬೇಕು. ಇದೊಂದು ಉದಾಹರಣೆ ಹಿಡಿದುಕೊಂಡರೆ ಉಳಿದ ವಿಷಯಗಳಿಗೂ ದಾರಿ ಸಿಗುತ್ತದೆ.

ಮೊದಲು ಯಾವ ಅಸ್ತ್ರ ಎಂಬುದನ್ನು ಗೊತ್ತು ಮಾಡಿಕೊಳ್ಳಿ. ಒಂದು ಜಾಗದ ತೊಂದರೆಗೆ ಲಿಖಿತ ದೂರು ಸಾಕು. ಪಾಲಿಕೆಯ ಅಧಿಕಾರಿಗಳು ಒಂದು ಕೆಲಸವನ್ನು ಎಲ್ಲ ಕಡೆ ಒಂದೇ ರೀತಿ ಮಾಡಬೇಕೆಂದರೆ ಠರಾವು. ಜನರ ಮೇಲೆ ಹೊಸ ನಿರ್ಬಂಧ ಹೇರಬೇಕು, ತಪ್ಪಿದರೆ ದಂಡ ಹಾಕಬೇಕು ಎಂದರೆ ಉಪವಿಧಿ, ಅಂದರೆ ಬೈಲಾ. ಹೆಚ್ಚಿನವರು ಎಡವುವುದು ಇಲ್ಲೇ: ಬರೀ ಠರಾವಿನಲ್ಲಿ ‘ದಂಡ ವಿಧಿಸತಕ್ಕದ್ದು’ ಎಂದು ಬರೆಸುತ್ತಾರೆ. ಕಾನೂನಿನ ಬೆಂಬಲವಿಲ್ಲದ ದಂಡವನ್ನು ಯಾರಾದರೂ ನ್ಯಾಯಾಲಯದಲ್ಲಿ ಪ್ರಶ್ನಿಸಿದರೆ ಅದು ನಿಲ್ಲುವುದಿಲ್ಲ.

ಎರಡನೆಯದು ಅಧಿಕಾರದ ಪ್ರಶ್ನೆ. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ 58ನೇ ಪ್ರಕರಣದಲ್ಲಿ (ಸೆಕ್ಷನ್) ಪಾಲಿಕೆಯ ಕಡ್ಡಾಯ ಕರ್ತವ್ಯಗಳಿವೆ, 59ರಲ್ಲಿ ವಿವೇಚನೆಗೆ ಬಿಟ್ಟವು. ನಿಮ್ಮ ವಿಷಯ 58ರಡಿ ಬಂದರೆ ‘ಹಣವಿಲ್ಲ’ ಎಂಬ ಉತ್ತರದ ಬಲ ಕುಗ್ಗುತ್ತದೆ. ಹಾಗಾಗಿ ಕರಡಿನ ಮೊದಲ ಸಾಲಿನಲ್ಲೇ ಪ್ರಕರಣದ ಸಂಖ್ಯೆ ಇರಲಿ. ರಸ್ತೆ ಯಾರದೆಂದೂ ನೋಡಿ. ಲೋಕೋಪಯೋಗಿ ಇಲಾಖೆಯ ರಸ್ತೆ, ರಾಷ್ಟ್ರೀಯ ಹೆದ್ದಾರಿ, ತ್ವರಿತ ಸಾರಿಗೆಯ ಚಿಗರಿ ಬಸ್ಸಿನ ಪ್ರತ್ಯೇಕ ಪಥ ಇವುಗಳ ಮೇಲೆ ಪಾಲಿಕೆ ಷರತ್ತು ಹಾಕಲು ಹೊರಟರೆ ಕಡತ ಅಲ್ಲೇ ಕೂರುತ್ತದೆ.

ರಾಜ್ಯ ಅಥವಾ ಕೇಂದ್ರದ ಕಾನೂನಿಗೆ ವಿರುದ್ಧವಾದ ಠರಾವು ಎಷ್ಟು ಚಪ್ಪಾಳೆ ಗಿಟ್ಟಿಸಿದರೂ ವ್ಯರ್ಥ. ‘ಬೀದಿನಾಯಿಗಳನ್ನೆಲ್ಲ ಹಿಡಿದು ಊರಾಚೆ ಬಿಡಬೇಕು’ ಎಂಬ ಬೇಡಿಕೆ ಇದಕ್ಕೆ ಒಳ್ಳೆಯ ನಿದರ್ಶನ. ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು, 2023 ಹೇಳುವ ಸಾಮಾನ್ಯ ಕ್ರಮ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ, ಆಮೇಲೆ ಹಿಡಿದ ಜಾಗಕ್ಕೇ ವಾಪಸು. ಹಾಗಾಗಿ ಕೇಳಬೇಕಾದದ್ದು ತಿಂಗಳಿಗೆ ಎಷ್ಟು ಶಸ್ತ್ರಚಿಕಿತ್ಸೆ, ಯಾವ ವಾರ್ಡಿನಿಂದ ಶುರು, ಲೆಕ್ಕ ಯಾರ ಕೈಯಲ್ಲಿ ಎಂಬುದನ್ನು. ಇದು ಸಪ್ಪೆಯಾಗಿ ಕಂಡರೂ ಜಾರಿಯಾಗುವ ಠರಾವು.

ಮತ್ತೆ ಅಗೆದ ರಸ್ತೆಗೆ ಬರೋಣ. ಸಾಕ್ಷ್ಯವಿಲ್ಲದೆ ಕರಡು ಬರೆಯಬೇಡಿ. 2 ವಾರ ವಾರ್ಡು ಸುತ್ತಿ ಪ್ರತಿ ಗುಂಡಿಗೂ ಜಾಗ, ದಿನಾಂಕ, ಉದ್ದ, ಅಗಲ, ಆಳ, ಅಗೆದವರು ಯಾರು, ಅನುಮತಿ ಸಂಖ್ಯೆ ಏನು ಎಂದು ಒಂದು ಹಾಳೆಯಲ್ಲಿ ತುಂಬಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಅನುಮತಿ ಪತ್ರಗಳ ಪ್ರತಿಯನ್ನು ವಲಯ ಕಚೇರಿಯಿಂದ ಪಡೆಯಿರಿ. ಅದರಲ್ಲಿ ಈಗಾಗಲೇ ಒಳ್ಳೆಯ ಷರತ್ತಿದ್ದು ಪಾಲನೆ ಮಾತ್ರ ಆಗುತ್ತಿಲ್ಲ ಎನ್ನುವುದೇ ಎಷ್ಟೋ ಸಲ ಹೊರಬೀಳುತ್ತದೆ. ಹಾಗಿದ್ದರೆ ಹೊಸ ನಿಯಮ ಬೇಡ, ತಪಾಸಣೆಯ ಠರಾವು ಸಾಕು. ವಾರ್ಡ್ ಸಮಿತಿ ಇದ್ದಲ್ಲಿ ಈ ಪಟ್ಟಿಯನ್ನು ಅದರ ನಡಾವಳಿಗೆ ಸೇರಿಸಿ. ಅಧ್ಯಕ್ಷರು ಹೇಗೂ ನೀವೇ.

ಕರಡಿಗೆ ನೆಲದ ಗುಣ ಗೊತ್ತಿರಬೇಕು. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಗೆದ ಎರೆಮಣ್ಣನ್ನೇ ಆ ಗುಂಡಿಗೆ ಮರಳಿ ಸುರಿದು ಮೇಲೆ ಡಾಂಬರು ಹಾಕಿದರೆ ಮೊದಲ ದೊಡ್ಡ ಮಳೆಗೆ ಕುಸಿಯುವುದು ಅದಕ್ಕೇ. ‘ಸರಿಯಾಗಿ ಮುಚ್ಚತಕ್ಕದ್ದು’ ಎಂಬ ವಾಕ್ಯದಿಂದ ಏನೂ ಆಗುವುದಿಲ್ಲ. ಅಳೆಯಲು ಬರುವಂತೆ ಬರೆಯಿರಿ:

‘ಪಾಲಿಕೆ ರಸ್ತೆಗಳಲ್ಲಿ ಅಗೆತಕ್ಕೆ ನೀಡುವ ಪ್ರತಿ ಅನುಮತಿಯಲ್ಲೂ ಈ ಷರತ್ತುಗಳಿರತಕ್ಕದ್ದು: ಅಗೆದ ಜಾಗದ ಸುತ್ತ ಐಆರ್‌ಸಿ ಎಸ್‌ಪಿ 55ರ (ರಸ್ತೆ ಕಾಮಗಾರಿ ಜಾಗದ ಸಂಚಾರ ಸುರಕ್ಷತೆಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ) ಪ್ರಕಾರ ತಡೆಬೇಲಿ, ಪ್ರತಿಫಲಕ ಪಟ್ಟಿ, ರಾತ್ರಿ ದೀಪ, ಎರೆಮಣ್ಣನ್ನು ಹೊರಸಾಗಿಸಿ ಗರಸನ್ನು 20 ಸೆಂ.ಮೀ. ಮೀರದ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡುವುದು. ಕೆಲಸ ಮುಗಿದ 7 ದಿನದೊಳಗೆ ಮೇಲ್ಮೈ ಮರುನಿರ್ಮಾಣ. ಠೇವಣಿಯನ್ನು ಒಂದು ಮಳೆಗಾಲ ಕಳೆದು, ಜಂಟಿ ತಪಾಸಣೆಯ ನಂತರವೇ ಮರಳಿಸುವುದು. ಹೊಣೆ: ವಲಯದ ಸಹಾಯಕ ಕಾರ್ಯಪಾಲಕ ಅಭಿಯಂತರರು. ಪಾಲನಾ ವರದಿ: ಪ್ರತಿ ಸಾಮಾನ್ಯ ಸಭೆಗೆ.’

7 ದಿನ, ಒಂದು ಮಳೆಗಾಲ ಎಂಬುವು ಇಲ್ಲಿನ ಸಲಹೆಗಳು. ನಿಮ್ಮ ಅಭಿಯಂತರರ ಜತೆ ಕೂತು ಹೆಚ್ಚುಕಡಿಮೆ ಮಾಡಿಕೊಳ್ಳಿ. ಠೇವಣಿಯ ಷರತ್ತನ್ನು ಮಾತ್ರ ಬಿಟ್ಟುಕೊಡಬೇಡಿ. ಗುತ್ತಿಗೆದಾರರ ಹಣ ಪಾಲಿಕೆಯಲ್ಲಿ ಉಳಿದಿದ್ದರಷ್ಟೇ ಅವರು ತಿರುಗಿ ಬಂದು ನೋಡುತ್ತಾರೆ.

ಪಾಲಿಕೆಯ ಖರ್ಚಿರುವ ಠರಾವಾದರೆ ಬಜೆಟ್ಟಿನ ಲೆಕ್ಕಶೀರ್ಷಿಕೆ, ಅಂದರೆ ಹಣ ಯಾವ ಬಾಬಿನಿಂದ ಎಂಬುದನ್ನು ಬರೆಯಲೇಬೇಕು. ಶೀರ್ಷಿಕೆಯಿಲ್ಲದ ಠರಾವು ಲೆಕ್ಕ ಶಾಖೆಯ ಮೇಜು ದಾಟುವುದಿಲ್ಲ. ಬಜೆಟ್ ತಯಾರಿಗೆ ಮುಂಚೆಯೇ ಮೊತ್ತ ಸೇರಿಸಲು ಪತ್ರ ಕೊಡಿ.

ಕರಡನ್ನು ನೇರವಾಗಿ ಸಭೆಗೆ ಒಯ್ಯುವುದಕ್ಕಿಂತ ಸ್ಥಾಯಿ ಸಮಿತಿಯ ಮೂಲಕ ತರುವುದು ಜಾಣತನ. ನಾಲ್ಕು ಸಮಿತಿಗಳಿವೆ: ತೆರಿಗೆ ಮತ್ತು ಹಣಕಾಸು; ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ನಗರ ಯೋಜನೆ ಮತ್ತು ಅಭಿವೃದ್ಧಿ; ಲೆಕ್ಕಪತ್ರ. ಸಮಿತಿಯ ಶಿಫಾರಸು, ಆಯುಕ್ತರ ಟಿಪ್ಪಣಿ ಎರಡೂ ಕಡತದಲ್ಲಿದ್ದರೆ ಸಭೆಯಲ್ಲಿ ‘ಪರಿಶೀಲಿಸೋಣ’ ಎಂದು ಮುಂದೂಡಲು ನೆಪ ಉಳಿಯುವುದಿಲ್ಲ. ಅನುಮೋದಕರಾಗಿ ಎದುರು ಪಕ್ಷದ ಒಬ್ಬ ಸದಸ್ಯರು ಸಿಕ್ಕರೆ ಇನ್ನೂ ಒಳ್ಳೆಯದು, ಗುಂಡಿಗೆ ಪಕ್ಷವಿಲ್ಲ. ಠರಾವು ಮಂಡಿಸುವ ಸೂಚನೆಯನ್ನು ಗಡುವಿನೊಳಗೆ ಪರಿಷತ್ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಶೂನ್ಯ ವೇಳೆಯಲ್ಲಿ ಕೂಗಾಡಿದ್ದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಕಡತದಲ್ಲಿ ಬರುವುದಿಲ್ಲ.

ಸಭೆ ಮುಗಿದ ಮೇಲೆ ನಡಾವಳಿಯನ್ನು ಅಕ್ಷರ ಅಕ್ಷರ ಓದಿ. ‘ಚರ್ಚಿಸಲಾಯಿತು’ ಎಂದಿದ್ದರೆ ಏನೂ ಆಗಿಲ್ಲ ಎಂದರ್ಥ. ‘ನಿಯಮಾನುಸಾರ ಕ್ರಮ ಕೈಗೊಳ್ಳಲು ಸೂಚಿಸಲಾಯಿತು’ ಎಂದಿದ್ದರೂ ನಿಮ್ಮ ಅಳತೆ, ಗಡುವು ಎಲ್ಲ ಕರಗಿಹೋದಂತೆ. ‘ಸರ್ವಾನುಮತದಿಂದ ಠರಾಯಿಸಲಾಯಿತು’ ಅಥವಾ ‘ಬಹುಮತದಿಂದ’ ಎಂದಿದ್ದು, ಕೆಳಗೆ ನಿಮ್ಮ ಕರಡಿನ ಪೂರ್ಣ ಪಠ್ಯ ಇರಬೇಕು. ತಪ್ಪಿದ್ದರೆ ಮುಂದಿನ ಸಭೆ ಅದನ್ನು ದೃಢೀಕರಿಸುವ ಮುಂಚೆಯೇ ಲಿಖಿತ ತಿದ್ದುಪಡಿ ಕೊಡಿ. ಠರಾವನ್ನು ಜಾರಿ ಮಾಡುವವರು ಆಯುಕ್ತರು, ಸದಸ್ಯರಲ್ಲ; ಅಭಿಯಂತರರಿಗೆ ನೀವೇ ಬಾಯಿಮಾತಿನ ಆದೇಶ ಕೊಟ್ಟರೆ ಹೊಣೆ ಯಾರ ತಲೆಗೂ ಬರುವುದಿಲ್ಲ.

ಬೈಲಾ ದಾರಿ ಉದ್ದ. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಬಂದವನ್ನು ಪರಿಗಣಿಸಬೇಕು, ಕೊನೆಗೆ ಸರ್ಕಾರದ ಅನುಮೋದನೆ ಬೇಕು. ದಂಡದ ಮೊತ್ತ ಕಾಯ್ದೆ ಹಾಕಿದ ಮಿತಿ ಮೀರುವಂತಿಲ್ಲ. ಬೆಂಗಳೂರಿನಲ್ಲಿ ಕಡತ ಕೂತರೆ ಸ್ಥಳೀಯ ಶಾಸಕರ ಪತ್ರ ಜೋಡಿಸಿ ಬೆನ್ನು ಹತ್ತಬೇಕು. ಅಲ್ಲಿಯವರೆಗೆ ಷರತ್ತಿನ ಠರಾವು ಕೆಲಸ ಮಾಡುತ್ತಿರಲಿ.

ಗದಗ-ಬೆಟಗೇರಿ, ಹಾವೇರಿ ನಗರಸಭೆಗಳವರಿಗೆ ಅನ್ವಯಿಸುವುದು ಪುರಸಭೆಗಳ ಅಧಿನಿಯಮ, 1964. ಅಲ್ಲಿ ಮೇಯರ್ ಬದಲು ಅಧ್ಯಕ್ಷರು, ಆಯುಕ್ತರ ಬದಲು ಪೌರಾಯುಕ್ತರು. ಜಿಲ್ಲಾಧಿಕಾರಿಗೆ ನಗರಸಭೆಯ ಠರಾವನ್ನು ತಡೆಹಿಡಿಯುವ ಅಧಿಕಾರವಿದೆ. ಆದ್ದರಿಂದ ಕರಡಿನ ಒಂದು ಪ್ರತಿಯನ್ನು ಸಭೆಗೆ ಮೊದಲೇ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ತೋರಿಸಿ.